ಹೆಬ್ಬೆಟ್ಟಿಗೆ ಮತ್ತೆ ಬಂತು ಕಾಲ

ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನದವರು ನಮ್ಮೂರಿಗೆ ಬಂದು, ಲಾಟೀನಿನ ಸುತ್ತ ಹೆಂಗಸರನ್ನು ಕೂರಿಸಿ, ‘ಹೆಬ್ಬೆಟ್ಟು ಒತ್ತುವುದು ನಾಚಿಕೆಗೇಡು, ಸಹಿ ಕಲಿಯಿರಿ’ ಎಂದು ಬುದ್ಧಿ ಹೇಳಿದರು. ನಮ್ಮ ಕೇರಿಯ ಅಜ್ಜಿ ಆರು ತಿಂಗಳು ಸ್ಲೇಟು ಹಿಡಿದು ತನ್ನ ಹೆಸರಿನ ನಾಲ್ಕು ಅಕ್ಷರ ಕಲಿತಳು. ಮೂರನೆಯದರ ಒತ್ತು ಈಗಲೂ ಕೊಂಚ ವಾಲುತ್ತದೆ, ಇರಲಿ. ಸಹಿ ಅವಳ ಕೈಗೆ ಹತ್ತುವ ಹೊತ್ತಿಗೆ ಸರ್ಕಾರಕ್ಕೆ ಸಹಿಯ ಮೇಲಿನ ನಂಬಿಕೆ ಹೋಗಿತ್ತು. 2010ರಲ್ಲಿ ಆಧಾರ್ ಬಂತು. ಈಗ ಎಂ.ಎ. ಓದಿದವರೂ ಹೆಬ್ಬೆಟ್ಟಿನವರೇ.

ಆದರೆ ಅಜ್ಜಿಯ ಹೆಬ್ಬೆಟ್ಟಿನಲ್ಲಿ ಗೆರೆಗಳೇ ಉಳಿದಿಲ್ಲ. ಕಳೆ ಕಿತ್ತು, ಬೂದಿ ಹಾಕಿ ಪಾತ್ರೆ ತಿಕ್ಕಿ ಸವೆದು ಹೋಗಿವೆ. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಅವಳು ಯಾರೆಂದು ತಿಳಿಯುವುದಿಲ್ಲ. ಅಂಗಡಿಯವನಿಗೆ ತಿಳಿದಿದೆ, ಅವನು ಹಸುಗೂಸಾಗಿದ್ದಾಗ ಎಣ್ಣೆ ಹಚ್ಚಿ ನೀರು ಎರೆದವಳೇ ಈ ಅಜ್ಜಿ. ಅವನ ಗುರುತಿಗೆ ಬೆಲೆಯಿಲ್ಲ.

ಮೊನ್ನೆ ನಾನೂ ಸಾಲಿನಲ್ಲಿದ್ದೆ. ಅಜ್ಜಿ ಸೆರಗಿನಲ್ಲಿ ಬೆರಳು ಒರೆಸಿಕೊಂಡು ಒತ್ತಿದಳು. ಕೆಂಪು ದೀಪ. ಅಂಗಡಿಯವನು ಕೊಬ್ಬರಿ ಎಣ್ಣೆ ಹಚ್ಚಿಸಿದ. ಕೆಂಪು ದೀಪ. ಬಳಿಕ ತೋರು ಬೆರಳು, ನಡು ಬೆರಳು, ಕೊನೆಗೆ ಎಡಗೈ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಬಿಪಿಎಲ್ ಕಾರ್ಡಿನವರಿಗೆ ತಲೆಗೆ 5 ಕೆ.ಜಿ. ಧಾನ್ಯ, ಕೆ.ಜಿ.ಗೆ ಎರಡು ಬೆರಳಿನ ಲೆಕ್ಕವಾಯಿತು. ಅಷ್ಟರಲ್ಲಿ ಸರ್ವರ್ ಹೋಯಿತು. ಅವನು ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಅರಳಿಕಟ್ಟೆ ಹತ್ತಿ ನೆಟ್‌ವರ್ಕ್ ಹುಡುಕತೊಡಗಿದ. ಇಡೀ ಸಾಲು ದೇವರ ಉತ್ಸವದಂತೆ ಹಿಂದೆ ನಡೆಯಿತು.

ಬೆರಳು ಬೇಡವೆಂದರೆ ಒಟಿಪಿ ಇದೆ. ಅದು ಅಜ್ಜಿಯ ಮೊಮ್ಮಗನ ಫೋನಿಗೆ ಬರುತ್ತದೆ. ಮೊಮ್ಮಗ ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದ್ದಾನೆ.

ಗೃಹಲಕ್ಷ್ಮಿಯ 2,000 ರೂಪಾಯಿಯದು ಬೇರೆ ಕಥೆ. ಖಾತೆಗೆ ‘ಎನ್‌ಪಿಸಿಐ ಮ್ಯಾಪಿಂಗ್’, ಅಂದರೆ ಸರ್ಕಾರದ ಹಣ ಬೀಳಲು ಬೇಕಾದ ಆಧಾರ್ ಜೋಡಣೆ, ಆಗಿಲ್ಲವಂತೆ. ಅಜ್ಜಿ ಅದನ್ನು ಯಾವುದೋ ಹರಕೆ ಎಂದು ತಿಳಿದು ಬ್ಯಾಂಕಿಗೆ ಮೂರು ಪ್ರದಕ್ಷಿಣೆ ಹಾಕಿ ಬಂದಿದ್ದಾಳೆ.

ಸರ್ಕಾರಕ್ಕೆ ಕರುಣೆ ಇಲ್ಲವೆಂದು ನಾನು ಹೇಳುವುದಿಲ್ಲ. ಬೆರಳು ಹೊಂದಲಿಲ್ಲವೆಂದು ಯಾರಿಗೂ ಪಡಿತರ ನಿರಾಕರಿಸಬಾರದು, ಅಂಥವರಿಗಾಗಿ ಪ್ರತ್ಯೇಕ ದಾಖಲೆ ಪುಸ್ತಕ ಇಡಬೇಕು ಎಂದು ಆಧಾರ್ ಪ್ರಾಧಿಕಾರ 2017ರ ಅಕ್ಟೋಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಇಂಗ್ಲಿಷಿನಲ್ಲಿರುವ ಆ ಸುತ್ತೋಲೆ ಜಾಲತಾಣದಲ್ಲಿ ಸುರಕ್ಷಿತವಾಗಿದೆ. ಅಜ್ಜಿ ಯಾವಾಗ ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು.

ನಾನು ಆ ವಿಷಯ ಎತ್ತಿದಾಗ ಅಂಗಡಿಯವನು ತುಸು ಯೋಚಿಸಿ, ತಕ್ಕಡಿ ಅಲುಗದಂತೆ ಅದರಡಿ ಇಟ್ಟಿದ್ದ ಆ ಪುಸ್ತಕವನ್ನು ಎಳೆದು ಧೂಳು ಕೊಡವಿದ. ಅಜ್ಜಿಯ ಮುಖ ಅರಳಿತು.

“ಪೆನ್ನು ಕೊಡಪ್ಪಾ, ನನಗೆ ಸಹಿ ಬರುತ್ತದೆ,” ಎಂದಳು.

ಅವನು ಪುಟದ ಕೊನೆಯ ಕಾಲಂ ಮೇಲೆ ಬೆರಳಿಟ್ಟು ತಡೆತಡೆದು ಓದಿದ: “ಫಲಾನುಭವಿಯ ಹೆಬ್ಬೆಟ್ಟಿನ ಗುರುತು.”

ಆಮೇಲೆ ಇಂಕ್ ಪ್ಯಾಡ್ ಹುಡುಕಲು ಒಳಗೆ ಹೋದ.