ತಲೆಗೆಷ್ಟು ಚದರ ಮೀಟರ್ ಅನ್ನೋದು ಆಮೇಲೆ, ಪಾರ್ಕಿನ ಗೇಟು ಎಲ್ಲಿದೆ ಹೇಳಿ

ಯಾವ ನಗರದ ಮಾಸ್ಟರ್ ಪ್ಲಾನ್ ತೆರೆದರೂ ಉದ್ಯಾನಗಳ ಅಧ್ಯಾಯದಲ್ಲಿ ಒಂದು ಸಂಖ್ಯೆ ಎದ್ದು ಕಾಣುತ್ತದೆ: ತಲಾ ಇಷ್ಟು ಚದರ ಮೀಟರ್ ತೆರೆದ ಜಾಗ. ಆ ಸಂಖ್ಯೆ ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಊರಂಚಿನ ಕಾಡನ್ನೋ ಗಾಲ್ಫ್ ಮೈದಾನವನ್ನೋ ಲೆಕ್ಕಕ್ಕೆ ಸೇರಿಸಿ, ಒಟ್ಟು ವಿಸ್ತೀರ್ಣವನ್ನು ಜನಸಂಖ್ಯೆಯಿಂದ ಭಾಗಿಸಿದರೆ ಎಂಥ ಊರಾದರೂ ಕಾಗದದ ಮೇಲೆ ಹಸಿರಾಗುತ್ತದೆ. ಒತ್ತೊತ್ತಾದ ಬೀದಿಯ ಪುಟ್ಟ ಮನೆಯಲ್ಲಿ ಬೆಳೆಯುವ ಮಗುವಿಗೆ ಆ ಲೆಕ್ಕದಲ್ಲಿ ಸಿಕ್ಕ ಪಾಲು ಕನ್ನಡಿಯೊಳಗಿನ ಗಂಟು.

ಪಾರ್ಕನ್ನು ಅಳೆಯಬೇಕಾದದ್ದು ನಡೆಯುವವರ ಕಾಲಿನಿಂದ. ಇದು ಹೊಸ ಮಾತೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2017ರಲ್ಲಿ ಒಂದು ಸರಳ ಸೂತ್ರ ಕೊಟ್ಟಿತು: ಪ್ರತಿ ಮನೆಯಿಂದ 300 ಮೀಟರ್ ಒಳಗೆ, ಅಂದರೆ ಸುಮಾರು ಐದು ನಿಮಿಷದ ನಡಿಗೆಯಲ್ಲಿ, ಕನಿಷ್ಠ ಅರ್ಧದಿಂದ ಒಂದು ಹೆಕ್ಟೇರ್‌ನಷ್ಟು ಸಾರ್ವಜನಿಕ ಹಸಿರು ಜಾಗ ಇರಬೇಕು. ಒಳ್ಳೆಯ ಸೂತ್ರವೇ. ಆದರೆ ಆ 300 ಮೀಟರ್ ನೇರ ಗೆರೆಯ ದೂರ, ಹಕ್ಕಿ ಹಾರುವ ದೂರ. ಮನುಷ್ಯರು ಬೀದಿ ಹಿಡಿದು ಹೋಗಬೇಕು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಹೆಚ್ಚಿನ ಯೋಜನೆಗಳು ಎಡವುವುದು ಇಲ್ಲೇ. ನಕ್ಷೆಯ ಮೇಲೆ ಪಾರ್ಕಿನ ಸುತ್ತ ಒಂದು ವೃತ್ತ ಎಳೆದು, ಒಳಗೆ ಬಿದ್ದ ಮನೆಗಳಿಗೆಲ್ಲ 'ಪಾರ್ಕ್ ಸೌಲಭ್ಯ ಇದೆ' ಎಂದು ಬರೆದುಬಿಡುತ್ತಾರೆ. ಆ ಪಾರ್ಕಿಗೆ ಎತ್ತರದ ಬೇಲಿ, ಒಂದೇ ಗೇಟು, ಅದೂ ಆಚೆ ಬದಿಯಲ್ಲಿ ಅಂತಿಟ್ಟುಕೊಳ್ಳಿ. ಬೇಲಿಗೆ ತಾಗಿಕೊಂಡೇ ಇರುವ ಮನೆಯವರೂ ಅರ್ಧ ಸುತ್ತು ಹಾಕಿ ಒಳಗೆ ಬರಬೇಕು. ನಡುವೆ ಆರು ಪಥದ ರಸ್ತೆ ಇದ್ದರಂತೂ ಮುಗಿದೇ ಹೋಯಿತು. ಹತ್ತು ವರ್ಷದ ಹುಡುಗಿ ಒಬ್ಬಳೇ ಆ ರಸ್ತೆ ದಾಟಬೇಕೆಂದರೆ ಯಾವ ತಾಯಿಯೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಮಂಡಿ ನೋವಿರುವ ಅಜ್ಜನಿಗೆ ಮೇಲ್ಸೇತುವೆಯ ಮೆಟ್ಟಿಲು ತೋರಿಸಿ ಪ್ರಯೋಜನವಿಲ್ಲ. ಹೀಗಿರುವಾಗ ಇನ್ನೊಂದು ಎಕರೆ ಜಾಗ ಕೊಳ್ಳುವುದಕ್ಕಿಂತ ಬೇಲಿಯಲ್ಲಿ ಮೂರು ಗೇಟು ತೆರೆಯುವುದು, ರಸ್ತೆಗೆ ಸಿಗ್ನಲ್ ಇರುವ ಪಾದಚಾರಿ ದಾಟು ಕೊಡುವುದು ಎಷ್ಟೋ ಅಗ್ಗ, ಎಷ್ಟೋ ಉಪಯುಕ್ತ. ಆದರೂ ಇದನ್ನು ಉದ್ಯಾನ ಇಲಾಖೆ ರಸ್ತೆ ಇಲಾಖೆಗೆ ದಾಟಿಸುತ್ತದೆ, ರಸ್ತೆಯವರು ಪೊಲೀಸರತ್ತ ಕೈ ತೋರಿಸುತ್ತಾರೆ.

ಪಾರ್ಕುಗಳನ್ನು ಒಂದಕ್ಕೊಂದು ಜೋಡಿಸುವ ನಡಿಗೆ ದಾರಿಗಳ ವಿಷಯವೂ ಹೀಗೆಯೇ. ಜಾಗ ಇಲ್ಲ ಎನ್ನುವವರು ಸಿಂಗಪುರವನ್ನು ನೋಡಬೇಕು. ಅಷ್ಟು ಇಕ್ಕಟ್ಟಿನ ದ್ವೀಪದಲ್ಲಿ, 1990ರ ದಶಕದಿಂದ ಈಚೆಗೆ, 300 ಕಿ.ಮೀ.ಗೂ ಹೆಚ್ಚು ಉದ್ದದ ಪಾರ್ಕ್ ಕನೆಕ್ಟರ್ ದಾರಿಗಳು ಆಗಿವೆ. ಅವಕ್ಕೆ ಜಾಗ ಸಿಕ್ಕಿದ್ದು ಹೆಚ್ಚಾಗಿ ಮಳೆನೀರಿನ ಕಾಲುವೆಗಳ ದಂಡೆಯಲ್ಲಿ, ರಸ್ತೆ ಬದಿಯ ಮೀಸಲು ಪಟ್ಟಿಗಳಲ್ಲಿ. ಕಾಲುವೆ ಬದಿಯ ಜಾಗ ಎಲ್ಲ ನಗರಗಳಲ್ಲೂ ಇದೆ. ಕಸ ಸುರಿಯುವುದಕ್ಕೆ, ಒತ್ತುವರಿಗೆ ಬಿಟ್ಟುಕೊಟ್ಟಿದ್ದೇವೆ, ಅಷ್ಟೇ. ಇನ್ನೂ ಹಿಂದಕ್ಕೆ ಹೋದರೆ, ಅಮೆರಿಕದ ಬಾಸ್ಟನ್‌ನಲ್ಲಿ ಉದ್ಯಾನ ವಿನ್ಯಾಸಕಾರ ಫ್ರೆಡ್ರಿಕ್ ಲಾ ಓಲ್ಮ್‌ಸ್ಟೆಡ್ 1878ರಲ್ಲಿ ಕೈಗೆತ್ತಿಕೊಂಡ 'ಬ್ಯಾಕ್ ಬೇ ಫೆನ್ಸ್' ಎಂಬ ಜೌಗು ಪ್ರದೇಶದ ಕೆಲಸದ ಮೂಲ ಉದ್ದೇಶ ಕೊಳಚೆ ಮತ್ತು ಪ್ರವಾಹದ ಸಮಸ್ಯೆಗೆ ಪರಿಹಾರ ಹುಡುಕುವುದು. ಅಲ್ಲಿಂದ ಬೆಳೆದ ಉದ್ಯಾನಗಳ ಸಾಲೇ ಇವತ್ತಿನ 'ಎಮರಾಲ್ಡ್ ನೆಕ್ಲೇಸ್'. ನೀರು ಹರಿಯುವ ದಾರಿ ಮತ್ತು ಜನ ನಡೆಯುವ ದಾರಿ ಒಟ್ಟೊಟ್ಟಿಗೆ ಹೋಗಬಲ್ಲವು ಎಂದು ಸುಮಾರು 150 ವರ್ಷದ ಹಿಂದೆಯೇ ಗೊತ್ತಿತ್ತು. ಇವತ್ತಿಗೂ ಅದನ್ನು ಬೇರೆ ಬೇರೆ ಕಡತಗಳಲ್ಲಿ ಇಡುತ್ತಿರುವುದು ನೋವಿನ ಸಂಗತಿ.

ಒಳಗೆ ಹೋದ ಮೇಲಾದರೂ ಪಾರ್ಕು ಎಲ್ಲರದಾಗುತ್ತದೆಯೇ? ವಿಯೆನ್ನಾದಲ್ಲಿ 1990ರ ದಶಕದಲ್ಲಿ ಒಂದು ಅಧ್ಯಯನ ನಡೆಯಿತು. ಒಂಬತ್ತು ವರ್ಷ ದಾಟಿದ ಹೆಣ್ಣುಮಕ್ಕಳು ಪಾರ್ಕಿಗೆ ಬರುವುದು ತೀರಾ ಕಡಿಮೆಯಾಗುತ್ತದೆ, ಹುಡುಗರು ಹಾಗೆ ಮರೆಯಾಗುವುದಿಲ್ಲ ಎಂದು ಕಂಡುಬಂತು. ವಿಶಾಲವಾದ ಒಂದೇ ಬಯಲಿದ್ದರೆ ಅದನ್ನು ಚೆಂಡಾಟದ ಹುಡುಗರು ತುಂಬಿಕೊಳ್ಳುತ್ತಾರೆ. ಹುಡುಗಿಯರು ಜಗಳಕ್ಕೆ ನಿಲ್ಲದೆ ಹೊರಟುಹೋಗುತ್ತಾರೆ. 1999ರಲ್ಲಿ ಆ ನಗರ ಎರಡು ಪಾರ್ಕುಗಳನ್ನು ಮತ್ತೆ ರೂಪಿಸಿತು. ಬಯಲನ್ನು ಗಿಡಗಳಿಂದ ಸಣ್ಣ ಸಣ್ಣ ಅಂಗಳಗಳಾಗಿ ವಿಂಗಡಿಸಿ, ನಡೆಯಲು ದಾರಿ ಹೆಚ್ಚಿಸಿ, ವಾಲಿಬಾಲ್, ಬ್ಯಾಡ್ಮಿಂಟನ್‌ನಂಥ ಆಟಗಳಿಗೂ ಜಾಗ ಮಾಡಿತು. ಹುಡುಗಿಯರು ವಾಪಸ್ ಬಂದರು. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಯಾರನ್ನೂ 'ಬರಬೇಡಿ' ಎನ್ನದೆಯೇ ಒಂದು ಪಾರ್ಕು ಅರ್ಧ ಮಕ್ಕಳನ್ನು ಹೊರಗಿಡಬಲ್ಲದು. ಬೆಂಚು, ನೆರಳು, ಕುಡಿಯುವ ನೀರು, ಬಳಸುವ ಹಾಗಿರುವ ಶೌಚಾಲಯ ಇವೂ ಹಾಗೆಯೇ. ಇವಿಲ್ಲದ ಕಡೆ ಹಿರಿಯರು, ಗರ್ಭಿಣಿಯರು, ಮಕ್ಕಳನ್ನು ಕರೆತರುವವರು ಹತ್ತು ನಿಮಿಷಕ್ಕಿಂತ ಹೆಚ್ಚು ಇರುವುದಿಲ್ಲ. ಅವರು ಯಾಕೆ ಬರುತ್ತಿಲ್ಲ ಎಂದು ಲೆಕ್ಕ ಇಡುವವರೂ ಇಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಳ್ಳೆಯ ನಡಿಗೆ ದಾರಿ ಬಂದರೆ ಪಕ್ಕದ ಮನೆಗಳ ಬೆಲೆ, ಬಾಡಿಗೆ ಏರುತ್ತವೆ. ಅಮೆರಿಕದ ಅಟ್ಲಾಂಟಾ ನಗರದಲ್ಲಿ ಹಳೆಯ ರೈಲು ಹಳಿಗಳ ಜಾಗದಲ್ಲಿ ಬೆಳೆಯುತ್ತಿರುವ 35 ಕಿ.ಮೀ. ಉದ್ದದ ವರ್ತುಲ ನಡಿಗೆ ದಾರಿ 'ಬೆಲ್ಟ್‌ಲೈನ್' ಇದಕ್ಕೆ ಉದಾಹರಣೆ. 1999ರಲ್ಲಿ ವಿದ್ಯಾರ್ಥಿಯಾಗಿದ್ದಾಗ ತನ್ನ ಪ್ರಬಂಧದಲ್ಲಿ ಇದನ್ನು ಕಲ್ಪಿಸಿದ ರಯಾನ್ ಗ್ರಾವೆಲ್, 2016ರಲ್ಲಿ ಅದರ ಬೆಂಬಲಕ್ಕಿದ್ದ ಸಂಸ್ಥೆಯ ಮಂಡಳಿಯಿಂದ ಹೊರಬಂದರು. ಅಲ್ಲಿನ ಜನರಿಗೆ ಕೈಗೆಟಕುವ ಮನೆಗಳ ಬಗ್ಗೆ ಸಾಕಷ್ಟು ಕೆಲಸ ಆಗುತ್ತಿಲ್ಲ ಎಂಬುದು ಅವರ ಆಕ್ಷೇಪವಾಗಿತ್ತು. ಹಾಗೆಂದು ಬಡವರ ಬೀದಿಗೆ ಪಾರ್ಕು ಬೇಡ ಎನ್ನುವುದು ಕ್ರೌರ್ಯ. ದಾರಿಯ ನಕ್ಷೆ ಮಂಜೂರಾಗುವ ದಿನವೇ ಬಾಡಿಗೆದಾರರ ರಕ್ಷಣೆಯೂ ಮಂಜೂರಾಗಬೇಕು.

ನಿಮ್ಮ ನಗರದ ಕರಡು ಯೋಜನೆ ಆಕ್ಷೇಪಣೆಗೆ ಬಂದಾಗ ದಯವಿಟ್ಟು ಬರೆಯಿರಿ. ವೃತ್ತ ಎಳೆದ ನಕ್ಷೆಯ ಬದಲು, ಗೇಟಿನಿಂದ ಬೀದಿ ಹಿಡಿದು ಅಳೆದ ನಕ್ಷೆ ಕೇಳಿ. ಹತ್ತು ನಿಮಿಷದಲ್ಲಿ ಯಾವ ಪಾರ್ಕನ್ನೂ ತಲುಪಲಾಗದ ಬೀದಿಗಳ ಪಟ್ಟಿ ಕೇಳಿ, ಮೊದಲ ವರ್ಷದ ಹಣ ಆ ಬೀದಿಗಳಿಗೇ ಹೋಗಲಿ ಎಂದು ಬರೆಯಿರಿ. ನಿರ್ವಹಣೆಗೆ ಪ್ರತಿ ವರ್ಷ ಎಷ್ಟು ಹಣ ಎತ್ತಿಟ್ಟಿದ್ದೀರಿ ಎಂದು ಅದೇ ಅರ್ಜಿಯಲ್ಲಿ ಕೇಳಿ, ಉದ್ಘಾಟನೆಯ ಖರ್ಚು ಅದರಲ್ಲಿ ಸೇರಿಸಬೇಡಿ ಎಂದೂ ಹೇಳಿ.