ಬಾನೆಟ್ಟಿನ ಮೇಲೆ ಇನ್ನೂರು ಮೀನು

ಬೇಸಿಗೆ ಬಂತೆಂದರೆ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ನಮಗೆ ಫ್ಯಾನ್ ಇದೆ, ಮಜ್ಜಿಗೆ ಇದೆ. ನನ್ನ ಕಾರಿಗೆ 12 ವರ್ಷದಿಂದ ಬೇವಿನ ಗಿಡದ ಅರ್ಧ ನೆರಳೇ ಗತಿ. ಅದೂ ಡಿಕ್ಕಿಯ ಕಡೆ ಮಾತ್ರ. ಹಾಗಾಗಿ ಟಾಪು, ಬಾನೆಟ್ಟು ಎರಡರ ಮೇಲೂ ಕ್ಲಿಯರ್ ಕೋಟ್ ಎದ್ದಿತು. ಥೇಟ್ ಕಡಕ್ ರೊಟ್ಟಿಯ ಅಂಚು.

ಬಣ್ಣದ ಮೇಲೆ ಗಾಜಿನಂತೆ ಕೂತು ಬಿಸಿಲು ತಡೆಯುವ ಪದರ ಅದು. ಪಾಪ, ಅದಾದರೂ ಎಷ್ಟು ದಿನ ತಡೆದೀತು?

"ಏನ್ರಿ ಸರ, ಗಾಡಿಗೆ ಹುರುಕಾಗೈತೇನ್ರಿ?" ಅಂದರು ಪಕ್ಕದ ಮನೆ ಕಾಕಾ.

ಅವಮಾನವಾಯಿತು. ಸುಮ್ನೆ ಒಂದು ಅಂಚನ್ನು ಉಗುರಿನಿಂದ ಎಳೆದೆ. ಅಂಗೈ ಅಗಲ ಸಲೀಸಾಗಿ ಬಂತು. ಇಂಥ ಸುಖ ಒಂದಕ್ಕೇ ನಿಲ್ಲುವುದಿಲ್ಲ, ಅಲ್ವಾ? ಸಂಜೆಯೊಳಗೆ ಬಾನೆಟ್ಟಿನ ಮೇಲೆ ಕರ್ನಾಟಕದ ಅಷ್ಟೂ ಜಿಲ್ಲೆಗಳು ಮೂಡಿದ್ದವು.

ಪೇಂಟಿಂಗ್ ಮಿಸ್ತ್ರಿ ಹೇಳಿದ ರೇಟಿಗೆ ಎದೆ ಧಸಕ್ಕೆಂದಿತು. "ಬಣ್ಣ ಹೊಡಿಯೂದು ತಾಸಿನ ಕೆಲಸರಿ. ತಯಾರಿ ಐತಲ್ಲ, ಅದು ದಿನಗಟ್ಟಲೆ" ಅಂದ. ಹಾಗಾದರೆ ತಯಾರಿ ನಾನೇ ಮಾಡಿಕೊಂಡರೆ? ತಿಕ್ಕೋದು ತಾನೆ! ಅವನು ಒಳ್ಳೆಯವನು, ಹೇಳಿಕೊಟ್ಟ. ಮೊದಲು ಸೋಪಿನಿಂದ ತೊಳೆಯಬೇಕು. ಎಣ್ಣೆ, ಮೇಣದ ಪಸೆ ಪೂರ್ತಿ ಒರೆಸಬೇಕು. ಆಮೇಲೆ ತಿಕ್ಕಬೇಕು, ಕ್ಲಿಯರ್ ಮುಗಿದು ಬಣ್ಣ ಶುರುವಾಗುವ ಮೆಟ್ಟಿಲು ಬೆರಳಿಗೆ ಸಿಗದ ಹಾಗೆ. ನನ್ನ ಕಿವಿಗೆ ಬಿದ್ದದ್ದು ತಿಕ್ಕೋದು ಮಾತ್ರ.

ಅಂಗಡಿಯಲ್ಲಿ 80 ನಂಬರ್ ಉಪ್ಪುಕಾಗದವೂ ಇತ್ತು, 400 ನಂಬರಿಂದೂ ಇತ್ತು. ಹಳೇ ಗಾಡಿ, ನಾನ್ನೂರು ತಾಳಲಿಕ್ಕಿಲ್ಲ ಅಂತ ಕರುಣೆಯಿಂದ 80 ತಂದೆ. ನಂಬರ್ ಕಡಿಮೆಯಾದಷ್ಟೂ ಕಾಗದ ಒರಟು ಅನ್ನುವ ಉಲ್ಟಾ ಲೆಕ್ಕ ಯಾರು ಇಟ್ಟರೋ!

ಕಾಕಾ ಮತ್ತೆ ಬಂದರು. "ಹೊಲ ಹರಗಿದಂಗ ಆಗೈತಲ್ರಿ."

ಮತ್ತೆ ಅಂಗಡಿಗೆ ಓಡಿದೆ. 320 ತಂದು ಆ ಗೀರು ಅಳಿಸಿದೆ. ಆಮೇಲೆ 600 ನಂಬರ್ ವಾಟರ್ ಪೇಪರ್, ನೀರು ಹಾಕಿ ಹಾಕಿ. ಮೂರು ದಿನಕ್ಕೆ ನನ್ನ ಬೆರಳಚ್ಚೇ ಅಳಿಸಿಹೋಯಿತು. ಮೊಬೈಲು ನನ್ನನ್ನು ಗುರುತು ಹಿಡಿಯಲಿಲ್ಲ. ಆದರೆ ಬಾನೆಟ್ಟು ಮಾತ್ರ ರೇಷ್ಮೆ! ಅಲ್ಲಿಗೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಖುಷಿ ತಡೆಯದೆ ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲು ಹೊಡೆಯುವ ಬೂದಿ ಅಸ್ತರು, ಅದರ ಸ್ಪ್ರೇ ಡಬ್ಬಿ ತಂದು ಹೊಡೆದೇಬಿಟ್ಟೆ.

ಹೊಡೆದ ಎರಡೇ ನಿಮಿಷಕ್ಕೆ ಪ್ರೈಮರ್ ಅಲ್ಲಲ್ಲಿ ಹಿಂದೆ ಸರಿಯಿತು. ದುಂಡು ದುಂಡು ಗುಳಿ, ಗುಳಿಯ ನಡುವೆ ಒಂದೊಂದು ಚುಕ್ಕಿ. ಪೇಂಟಿನವರು ಇದಕ್ಕೆ ಫಿಶ್ ಐ ಅನ್ನುತ್ತಾರೆ. ಸರಿಯಾದ ಹೆಸರೇ. ಇನ್ನೂರು ಮೀನು ನನ್ನನ್ನೇ ನೋಡುತ್ತಿದ್ದವು.

ತಪ್ಪು ನನ್ನ ಪ್ರೀತಿಯದು. ವರ್ಷಗಟ್ಟಲೆ ಪ್ರತಿ ಭಾನುವಾರ ಡ್ಯಾಶ್‌ಬೋರ್ಡಿಗೆ ಹೊಳಪಿನ ಸ್ಪ್ರೇ ಹೊಡೆದು, ಅದೇ ಬಟ್ಟೆಯಿಂದ ಬಾನೆಟ್ಟನ್ನೂ ಸವರುತ್ತಿದ್ದೆ. ಅದರೊಳಗೆ ಸಿಲಿಕೋನ್ ಇರುತ್ತದೆ. ಅದು ಇದ್ದಲ್ಲಿ ಬಣ್ಣ ಕೂರುವುದಿಲ್ಲ. ಒರೆಸದೆ ತಿಕ್ಕಿದ್ದರಿಂದ ಅದನ್ನು ಗೀರು ಗೀರಿಗೂ ನಾನೇ ಕೈಯಾರೆ ತುಂಬಿದ್ದೆ.

ಪ್ರೈಮರ್ ಹಾರದಿರಲಿ ಅಂತ ಗಾಜಿಗೆ ಅಂಟಿಸಿದ ಪೇಪರು, ಟೇಪಿನ ಕಥೆ ಬೇಡ. ಎರಡು ದಿನ ಬಿಸಿಲಿಗೆ ಬಿಟ್ಟೆ. ಟೇಪು ಬಂತು, ಅಂಟು ಬರಲಿಲ್ಲ.

"ಒಂದು ರೊಟ್ಟಿ ಹಂಚು ತಿಕ್ಕಿ ಕೊಡ್ರಿ ಅಂದ್ರ ಸೊಂಟ ನೋವು ಅಂತೀರಿ" ಅಂದಳು ಹೆಂಡತಿ. ಉತ್ತರ ಇರಲಿಲ್ಲ.

ಅಷ್ಟರಲ್ಲಿ ಬಾಗಲಕೋಟೆಯಿಂದ ಅವಳ ಅಣ್ಣನ ಮನೆಯವರು ಬಂದರು. ಊರು ತೋರಿಸಬೇಕಲ್ಲ, ಬೂದಿ ಬಣ್ಣದ ಮಚ್ಚೆಯ ಕಾರಿನಲ್ಲೇ ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಕರೆದುಕೊಂಡು ಹೋದೆ. 1549ರಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ, ಶತಮಾನಗಳಿಂದ ಬುರುಜಿನ ಮೇಲೆ ಬಿಸಿಲಿಗೇ ಮಲಗಿದೆ ಅಂತ ಜಂಬದಿಂದ ವಿವರಿಸಿದೆ.

ಹುಡುಗ ತೋಪನ್ನು ನೋಡಿದ. ಕೆಳಗೆ ನಿಂತಿದ್ದ ಕಾರನ್ನು ನೋಡಿದ.

"ಮಾಮಾ, ಇದನ್ನ ತಿಕ್ಕಿದವರು ಯಾರ್ರಿ?"