ಭಾವನ ಜೊತೆ ಭಾನುವಾರ

ರಜೆಗೆ ಊರಿಂದ ನೆಂಟರು ಬಂದರೆ ಬೆಂಗಳೂರಿನವರಿಗೆಲ್ಲ ಒಂದೇ ಚಿಂತೆ. ಮಕ್ಕಳು ಮರಿ ಕಟ್ಟಿಕೊಂಡು ಎಲ್ಲಿಗೆ ಹೋಗೋದು? ಮಾಲ್ ಅಂದರೆ ಜೇಬಿಗೆ ಕತ್ತರಿ. ಬನ್ನೇರುಘಟ್ಟಕ್ಕೆ ಹೊರಟರೆ ಹುಲಿ ನೋಡುವ ಮೊದಲೇ ಟ್ರಾಫಿಕ್ಕಿನಲ್ಲಿ ನಾವೇ ಹುಲಿಗಳಾಗಿರುತ್ತೇವೆ. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಅಲ್ಲಿಗೇ. ಕಬ್ಬನ್ ಪಾರ್ಕು, ವಿಶ್ವೇಶ್ವರಯ್ಯ ಮ್ಯೂಸಿಯಂ, ಬಾಲಭವನ, ವಿಧಾನಸೌಧ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಮೆಟ್ರೋ ಹತ್ತಿರಕ್ಕೇ ತಂದು ಇಳಿಸುತ್ತದೆ. ಭಾನುವಾರ ಪಾರ್ಕಿನೊಳಗೆ ಗಾಡಿ ಬಿಡುವುದಿಲ್ಲ, ಮಕ್ಕಳ ಕೈ ಬಿಟ್ಟರೂ ಭಯವಿಲ್ಲ. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಆರಾಮಾಗಿ ಮುಗಿಸಿ ಬಂದು ಕಾಲು ಚಾಚಬಹುದು.

ಭಾವ ಜೊತೆಯಲ್ಲಿರಬಾರದು, ಅಷ್ಟೇ.

ನಮ್ಮ ಭಾವ ನಿವೃತ್ತ ಸಮಾಜ ಮೇಷ್ಟ್ರು. ಬಹಳ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಅಕ್ಕ ಇದನ್ನು ಓದುತ್ತಾಳೆ. ಅವರಿಗಿರುವುದು ಒಂದೇ ಚಟ. ಬೋರ್ಡ್ ಕಂಡರೆ ಓದದೆ ಮುಂದೆ ಹೋಗುವುದಿಲ್ಲ. ಮನಸ್ಸಿನಲ್ಲಿ ಓದಿಕೊಂಡರೆ ಯಾರಿಗೇನು ನಷ್ಟ? ಅವರು ಓದುವುದು ಕೊನೇ ಬೆಂಚಿಗೆ ಕೇಳುವ ಹಾಗೆ. ಮೊದಲು ಕನ್ನಡದಲ್ಲಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ, ಕೊನೆಗೆ ಎರಡರಲ್ಲೂ ಎಲ್ಲೆಲ್ಲಿ ತಪ್ಪಿದೆ ಎಂಬ ವಿಮರ್ಶೆ. ಮೆಟ್ರೋ ಸ್ಟೇಷನ್ನಿನಲ್ಲೇ ಶುರುವಾಯಿತು. 'ಹಳದಿ ಗೆರೆಯಿಂದ ಹಿಂದೆ ನಿಲ್ಲಿ' ಎಂದು ಜೋರಾಗಿ ಓದಿದರು. ನಿಂತಿದ್ದು ಗೆರೆಯ ಮೇಲೆ. ಗಾರ್ಡ್ ಪೀಪಿ ಊದಿದ.

ಮೊದಲು ಮ್ಯೂಸಿಯಂ. 1962ರಲ್ಲಿ ನೆಹರೂ ಉದ್ಘಾಟನೆ ಮಾಡಿದ್ದು ಎಂದು ಬಾಗಿಲಲ್ಲೇ ನಮಗೆಲ್ಲ ಗೊತ್ತಾಯಿತು, ಹೇಗೆ ಅಂತ ಕೇಳಬೇಡಿ. ಹೊರಗೆ ಮರುತ್ ಯುದ್ಧವಿಮಾನ, ಹಳೇ ಉಗಿ ಎಂಜಿನ್. ಒಳಗೆ ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ್ದೇ ಅಳತೆಯ ಪ್ರತಿರೂಪ. ಮಕ್ಕಳಿಗೆ ಬೇಕಾಗಿದ್ದು ಇದ್ಯಾವುದೂ ಅಲ್ಲ. ಬಟನ್. ಒತ್ತಿದರೆ ಏನೋ ತಿರುಗಬೇಕು, ಏನೋ ಉರುಳಬೇಕು, ಲೈಟು ಹತ್ತಬೇಕು. ನನ್ನ ಮಗ ಹಲ್ಲುಚಕ್ರಗಳ ಗಾಜಿನ ಪೆಟ್ಟಿಗೆ ಮುಂದೆ ನಿಂತು ಬಟನ್ ಮೇಲೆ ಬೆರಳಿಟ್ಟ.

"ತಡಿ ಮರಿ. ಮೊದಲು ತತ್ವ ತಿಳ್ಕೋ, ಆಮೇಲೆ ಒತ್ತು" ಅಂದರು ಭಾವ.

ಕನ್ನಡಕ ಹಾಕಿಕೊಂಡರು. ಓದತೊಡಗಿದರು. ಮಗನ ಬೆರಳು ಬಟನ್ ಮೇಲೇ ಇತ್ತು, ಒತ್ತುವಂತಿಲ್ಲ, ತೆಗೆದರೆ ಬೇರೆಯವರು ಬಂದುಬಿಡುತ್ತಾರೆ. ಹಿಂದೆ ಮಕ್ಕಳ ಸಾಲು ಬೆಳೆಯಿತು. ಅವರ ಹಿಂದೆ ಅವರ ಅಪ್ಪಂದಿರು, ನನ್ನನ್ನೇ ದುರುಗುಟ್ಟಿಕೊಂಡು. ನಾನು ಚಾವಣಿ ನೋಡುತ್ತಿದ್ದೆ. ಕನ್ನಡ ಮುಗಿಯಿತು, ಇಂಗ್ಲಿಷ್ ಶುರುವಾಯಿತು. ಅಷ್ಟರಲ್ಲಿ ಯಾರದೋ ಮನೆಯ ಪುಟ್ಟ ಹುಡುಗಿ, ಇನ್ನೂ ಸ್ಕೂಲಿಗೂ ಸೇರಿರಲಿಕ್ಕಿಲ್ಲ, ಭಾವನ ಕಂಕುಳಡಿ ನುಸುಳಿ ಬಂದು ನನ್ನ ಮಗನ ಬೆರಳಿನ ಮೇಲೇ ತನ್ನ ಬೆರಳಿಟ್ಟು ಒತ್ತಿಯೇಬಿಟ್ಟಳು. ಚಕ್ರಗಳು ಗಡಗಡ ತಿರುಗಿದವು. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಚಕ್ರ ನಿಂತ ಮೇಲೆ ಭಾವ ತಲೆಯೆತ್ತಿ, "ಹಾಂ, ಈಗ ಒತ್ತು" ಅಂದರು.

ಹೊರಗೆ ಬಂದಾಗ ಮಗಳು ಬಾಲಭವನದ ಪುಟಾಣಿ ರೈಲಿನ ಮಾತೆತ್ತಿದಳು. "ಹೋಗೋಣ, ಹೋಗೋಣ" ಅಂದರು ಭಾವ. ಆದರೆ ಪಕ್ಕದಲ್ಲೇ ಸರ್ಕಾರಿ ವಸ್ತುಸಂಗ್ರಹಾಲಯ. ಒಳಗೆ ಹೋಗದಂತೆ ಅಕ್ಕ ಅವರ ತೋಳು ಹಿಡಿದುಕೊಂಡಳು. ಬಾಯಿ ಹಿಡಿಯುವವರು ಯಾರು? ಫುಟ್‌ಪಾತಿನಲ್ಲೇ, ಒಳಗಿರುವ ಆತಕೂರಿನ ಕಲ್ಲಿನ ಕಥೆ ಶುರುವಾಯಿತು. ಕ್ರಿ.ಶ. 949ರ ಹೊತ್ತಿನದು. ಗಂಗರ ಬೂತುಗನ ಬಂಟ ಮಣಲೇರ ಯುದ್ಧದಲ್ಲಿ ಮೆರೆದ. ಏನು ಬೇಕು ಕೇಳು ಅಂದರೆ ಹೊನ್ನು ಕೇಳಲಿಲ್ಲ, ಕಾಳಿ ಅನ್ನುವ ಬೇಟೆನಾಯಿ ಕೇಳಿದ. ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಆ ನಾಯಿಗಾಗಿ ನಿಲ್ಲಿಸಿದ ಕಲ್ಲು ಅದು.

ನಿಜ ಹೇಳಬೇಕೆಂದರೆ ಚೆನ್ನಾಗಿ ಹೇಳಿದರು. ನಾನೂ ಬಾಯಿ ಬಿಟ್ಟುಕೊಂಡು ಕೇಳಿದೆ. ಆದರೆ ಒಂದನೇ ಕ್ಲಾಸಿನ ಅವರ ಮೊಮ್ಮಗಳು, "ತಾತ, ನಾಯಿ ಸತ್ತೋಯ್ತಾ?" ಅಂದವಳೇ ಗೊಳೋ ಎಂದು ಅತ್ತಳು. ಕಸ್ತೂರಬಾ ರಸ್ತೆಯಲ್ಲಿ ಹೋಗುವವರೆಲ್ಲ ನಿಂತು, ಮಗುವಿಗೆ ಏನಾಯಿತು ಅಂತ ವಿಚಾರಿಸುವವರೇ. ಹತ್ತನೇ ಶತಮಾನದ ನಾಯಿ ಅಂತ ಹೇಗೆ ಹೇಳೋದು? ಅಕ್ಕ ಬಲೂನ್ ಕೊಡಿಸಿದಳು. ಮೊಮ್ಮಗಳು ಅದಕ್ಕೆ ಕಾಳಿ ಅಂತ ಹೆಸರಿಟ್ಟಳು. ಪಾರ್ಕಿನೊಳಗೆ ಬಿದಿರು ಮೆಳೆಗೆ ತಾಗಿ ಕಾಳಿ ಎರಡನೇ ಸಲ ಸತ್ತಿತು.

ಪಾರ್ಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1870, ಪಾರ್ಕು ಮಾಡಿಸಿದ ಎಂಜಿನಿಯರ್ ಸ್ಯಾಂಕಿ. ಸಿಕ್ಕ ಸಿಕ್ಕ ಮರದ ಹೆಸರು. ಅಳಿಲು ಹಿಂದೆ ಓಡುತ್ತಿದ್ದ ಮಕ್ಕಳನ್ನು ಎಳೆದು ತಂದು ಅದೇ ಮರದ ಹೆಸರು ಹೇಳಿಸಿದ್ದು ಮಾತ್ರ ನನಗೆ ಸಹಿಸಲಾಗಲಿಲ್ಲ.

ವಿಧಾನಸೌಧದ ಮುಂದೆ ಭಾನುವಾರದ ಜಾತ್ರೆ ಇತ್ತು. ಎಲ್ಲರೂ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುತ್ತಿದ್ದರು. ಭಾವ ಒಬ್ಬರೇ ಕಟ್ಟಡದ ಕಡೆ ಮುಖ ಮಾಡಿ ನಿಂತು 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಓದಿ ಪಾಠ ಶುರುಮಾಡಿದರು. 1951ರ ಜುಲೈ 13ಕ್ಕೆ ನೆಹರೂ ಅಡಿಗಲ್ಲು ಹಾಕಿದ್ದು, ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು ಕಟ್ಟಿಸಿದ್ದು, 1956ಕ್ಕೆ ಮುಗಿದದ್ದು. ನಮ್ಮ ಮಕ್ಕಳು ಐಸ್‌ಕ್ರೀಮ್ ಗಾಡಿಯ ಹತ್ತಿರ ಜಾರಿಕೊಂಡಿದ್ದರು. ಆದರೆ ನೋಡನೋಡುತ್ತ ಅಪರಿಚಿತರು ಸುತ್ತ ಸೇರತೊಡಗಿದರು.

ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಇದೇ ಜಾಗಕ್ಕೆ ಕರೆತಂದಿದ್ದರು. ಇದನ್ನು ಕಟ್ಟಿಸಿದ್ದು ಯಾರು ಅಂತ ಕೇಳಿದ್ದೆ. "ಸರ್ಕಾರ" ಅಂದಿದ್ದರು. ಅಷ್ಟೇ. ಆಮೇಲೆ ಬಸ್ ಸಿಗುವವರೆಗೂ ಅವರು ಮಾತಾಡಿದ ನೆನಪಿಲ್ಲ. ಇನ್ನೊಂದು ನಾಲ್ಕು ಮಾತು ಆಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಈಗ ಅನಿಸುತ್ತದೆ. ಭಾವನ ಪಾಲಿನ ಮಾತಿನಲ್ಲಿ ಸ್ವಲ್ಪ ಅಪ್ಪನಿಗೆ ಹೋಗಬೇಕಿತ್ತು.

"ಸರ್, ಸಿಎಂ ಕುಂದ್ರೂದು ಯಾವ ಕಿಡಕ್ಯಾಗ್ರಿ?" ಗುಂಪಿನಿಂದ ಒಬ್ಬರು ಕೇಳಿದರು. ಬಿಳೀ ಪಂಚೆ, ಹೆಗಲ ಮೇಲೆ ಟವೆಲ್ಲು. "ಮೂರನೇ ಮಹಡಿ" ಎಂದು ಭಾವ ಸ್ವಲ್ಪವೂ ಅನುಮಾನಿಸದೆ ಒಂದು ಕಿಟಕಿಯತ್ತ ಬೆರಳು ತೋರಿಸಿದರು. ಗುಂಪಿನ ಮೊಬೈಲುಗಳೆಲ್ಲ ಒಟ್ಟಿಗೆ ಮೇಲೆದ್ದವು. ಮುಚ್ಚಿದ ಆ ಕಿಟಕಿಗೆ ಸಿಕ್ಕ ಮರ್ಯಾದೆಯನ್ನು ನಾನು ಯಾವ ಕಿಟಕಿಗೂ ಕಂಡಿಲ್ಲ. ಯಾರೋ ಟಾಯ್ಲೆಟ್ ಎಲ್ಲಿದೆ ಅಂತಲೂ ಕೇಳಿದರು. ಅದಕ್ಕೂ ಭಾವ ಕೈ ತೋರಿಸಿದರು.

ಪಾಠ ಮುಗಿದಾಗ ಬಿಳೀ ಪಂಚೆಯವರು ಹತ್ತಿರ ಬಂದು ಇಪ್ಪತ್ತರ ನೋಟನ್ನು ಮಡಚಿ ಭಾವನ ಅಂಗಿ ಜೇಬಿಗೆ ತುರುಕಿದರು. "ಛಲೋ ಹೇಳಿದ್ರಿ ಗೈಡ್ ಸರ್. ಚಾ ಕುಡೀರಿ." ಭಾವ ಸಿಟ್ಟಾಗುತ್ತಾರೆ ಅಂದುಕೊಂಡೆ. ನೋಟು ಬಿಡಿಸಿ ನೋಡಿದರು, ಮತ್ತೆ ಮಡಚಿ ಕನ್ನಡಕದ ಡಬ್ಬಿಯೊಳಗೆ ಇಟ್ಟರು. ಅಷ್ಟರಲ್ಲಿ ಸಂಜೆಯಾಗಿತ್ತು. ಪುಟಾಣಿ ರೈಲಿಗೆ ಹೊತ್ತಿರಲಿಲ್ಲ. ಮಗಳು ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ, ರೈಲು ತಪ್ಪಿಸಿದ್ದು ನಾನೇ ಅನ್ನುವ ಹಾಗೆ.

ಇವತ್ತು ಬೆಳಿಗ್ಗೆ ತಿಪಟೂರಿನಿಂದ ಭಾವನ ಫೋನು. "ಪ್ರವಾಸೋದ್ಯಮ ಇಲಾಖೇಲಿ ಗೈಡ್ ಆಗೋಕೆ ವಯಸ್ಸಿನ ಮಿತಿ ಏನಾದ್ರೂ ಇದೆಯಾ, ಸ್ವಲ್ಪ ವಿಚಾರಿಸಯ್ಯ. ಮುಂದಿನ ಭಾನುವಾರ ನಾನೇ ಬರ್ತೀನಿ."